ಕೆರಾಡಿ ಕಟ್ಟೆಯ ಅಪ್‌ಡೇಟ್

ಜೂನ್ 7, ಶನಿವಾರ

ದಿನಚರಿ ಬರೆಯುವವರ ಪೈಕಿ ನಾನಲ್ಲ. ಈ ಮನೆಯಲ್ಲಿ ಬರೆಯುವವರು ನನ್ನ ಗಂಡ ರತ್ನಾಕರ. ನಾನು ಬ್ರಹ್ಮಾವರದ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ನಾನು ಬರೆದದ್ದೆಲ್ಲ ಪಿರಿಯಡ್ ಮುಗಿದ ಕೂಡಲೇ ಡಸ್ಟರಿನ ಪಾಲು. ಆದರೆ ಮಾರ್ಚ್ ತಿಂಗಳಲ್ಲಿ ಅವರಿಗೆ ಸ್ಟ್ರೋಕ್ ಆದಾಗಿನಿಂದ ಇಬ್ಬರ ಮಾತನ್ನೂ ನಾನೊಬ್ಬಳೇ ಆಡಬೇಕಾಗಿದೆ. ಅವರ ಕಡೆಯಿಂದ ಪ್ರಶ್ನೆ, ನನ್ನ ಕಡೆಯಿಂದ ಉತ್ತರ, ಮತ್ತೆ ಅವರ ಕಡೆಯಿಂದ "ಹ್ಞಾಂ ಸರಿ". ಸಂಜೆಯ ಹೊತ್ತಿಗೆ ಗಂಟಲು ಒಣಗಿರುತ್ತದೆ. ಇಲ್ಲಿಯಾದರೂ ನನ್ನ ಪಾಲಿನದನ್ನು ಮಾತ್ರ ಹೇಳಿಕೊಳ್ಳುವ ಎಂದು ಶುರು ಮಾಡಿದ್ದೇನೆ.

ಇವತ್ತು ಉಡುಪಿಗೆ ಹೋಗಿದ್ದೆವು, ಮಾತು ಕಲಿಸುವ ಪೂಜಿತಾ ಹತ್ತಿರ. ನನ್ನ ಹಳೆಯ ವಿದ್ಯಾರ್ಥಿನಿಯರ ಪ್ರಾಯದ ಹುಡುಗಿ. ಅವರಿಗೆ ಎಲ್ಲ ಅರ್ಥವಾಗುತ್ತದೆ, ಒಳಗೆ ಮಾತೂ ಇದೆ, ಹೊರಗೆ ಬರುವ ದಾರಿ ಮಾತ್ರ ಕಟ್ಟಿದೆ ಎನ್ನುತ್ತಾಳೆ. ಬಲಗೈ ಇನ್ನೂ ನಿಶ್ಶಕ್ತ.

"ಸರ್, ನಿಮ್ಮ ಹೆಂಡತಿಯ ಹೆಸರು ಹೇಳಿ" ಎಂದಳು. ಅವರು ನನ್ನನ್ನು ನೋಡಿದರು, ಫ್ಯಾನ್ ನೋಡಿದರು, ತುಟಿ ಅಲ್ಲಾಡಿಸಿದರು. ಪೂಜಿತಾ ಹಾಳೆಯಲ್ಲಿ ತಪ್ಪು ಗುರುತು ಹಾಕಿದಳು. ನನಗೆ ರೇಗಿತು.

"ಅಲ್ಲ ಮಗಾ, ನಾಲ್ಗಿ ಸಮ ಇಪ್ಪೊತ್ತಿಗೂ ಅವ್ರ್ ನನ್ ಹೆಸ್ರ್ ಹಿಡ್ದ್ ಕರ್ದವ್ರಲ್ಲ. ಅದಕ್ ಹ್ಯಾಂಗೆ ತಪ್ಪ್ ಹಾಕ್ತೆ ನೀನ್?"

ಹೌದಲ್ಲ ಮತ್ತೆ! ನಮ್ಮ ಕಡೆ ನಮ್ಮ ಪ್ರಾಯದವರಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ಕ್ರಮ ಎಲ್ಲಿದೆ? ನಾನು ಅವರಿಗೆ "ಹ್ವಾಯ್". ಅವರು ನನಗೆ "ಕೇಂತಾ?", ಕೇಳಿಸಿತಾ ಎಂದು. ಅಷ್ಟರಲ್ಲೇ ಮಗಳನ್ನು ಸಾಕಿ, ಮದುವೆ ಮಾಡಿ ಬೈಂದೂರಿಗೆ ಕಳಿಸಿದ್ದೇವೆ.

ಪೂಜಿತಾ ನಕ್ಕಳು, ಆದರೆ ತಪ್ಪು ಗುರುತನ್ನು ಅಳಿಸಲಿಲ್ಲ. ಹೊರಡುವಾಗ ಹೇಳಿದಳು: "ಮೇಡಂ, ನಾನು ಕೇಳಿದ್ದಕ್ಕೆ ಅರ್ಧ ಉತ್ತರ ನೀವೇ ಕೊಟ್ಟಿರಿ. ಅವರಿಗೆ ಸಮಯ ಕೊಡಿ." ಮತ್ತೆ, ಅವರಿಗೆ ತುಂಬ ಪರಿಚಯದ ಬರಹ ಏನಾದರೂ ಇದ್ದರೆ ದಿನಾ ಓದಿ ಹೇಳಿ, ಜೊತೆಗೆ ಓದಿಸಿ ಎಂದಳು. ನಾನೆಲ್ಲಿ ಉತ್ತರ ಕೊಟ್ಟೆ? ಸಹಾಯ ಮಾಡಿದೆ ಅಷ್ಟೆ.

ಜೂನ್ 11, ಬುಧವಾರ

ಪರಿಚಯದ ಬರಹ ಎಂದರೆ ಅವರು ಬರೆದದ್ದೇ. "ಕೆರಾಡಿ ಕಟ್ಟೆ", ಅವರ ಬ್ಲಾಗು. ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಸೆಂಟರ್ ಇಟ್ಟುಕೊಂಡಿದ್ದ ಕಾಲದಿಂದ ಬರೆಯುತ್ತಿದ್ದಾರೆ. ಮದುವೆ ಕಾಗದ, ಕರಪತ್ರ, ಉತ್ತರಕ್ರಿಯೆಯ ಬೊಜ್ಜದ ಕಾರ್ಡುಗಳ ನಡುವೆ ಬಿಡುವಾದಾಗ ತಮ್ಮ ಹುಟ್ಟೂರು ಕೆರಾಡಿಯ ಜನ, ಅಡುಗೆ, ಜಗಳ, ಬೈಗುಳ ಎಲ್ಲವನ್ನೂ ಕುಂದಾಪ್ರ ಕನ್ನಡದಲ್ಲೇ ಬರೆದು ಹಾಕುತ್ತಿದ್ದರು. ಬಾಡಿಗೆಯ ಸರ್ವರಿನಲ್ಲಿ ಸ್ವಂತ ಕೈಯಿಂದ ಎಬ್ಬಿಸಿದ ಬ್ಲಾಗು. "ಜಾಗ ಬಾಡ್ಗಿದಾರೂ ಮನಿ ನಂದೇ" ಎನ್ನುತ್ತಿದ್ದರು. ಮುಂಬೈಯ ಹೋಟೆಲಿನವರು, ದುಬೈಯಲ್ಲಿರುವವರು ಎಲ್ಲ ಬಂದು ಕಮೆಂಟು ಹಾಕುತ್ತಾರೆ. ಆಸಾಡಿ ಅಮಾಸೆ ಈಗ ಕುಂದಾಪ್ರ ಕನ್ನಡದ ದಿನವೂ ಆಗಿದೆಯಲ್ಲ, ಆ ದಿನ ಹೊಸ ಬರಹ ತಪ್ಪಿದ್ದೇ ಇಲ್ಲ. ನಾನು ಆ ಬ್ಲಾಗಿಗೆ ಸವತಿ ಎಂದೇ ಹೆಸರಿಟ್ಟಿದ್ದೆ. ಒಂದು ಬರಹವನ್ನೂ ಪೂರ್ತಿ ಓದಿರಲಿಲ್ಲ.

ಈಗ ದಿನಾ ಸಂಜೆ ಓದುತ್ತಿದ್ದೇನೆ. ಈಚಿನ ಬರಹಗಳಿಗೆ ಅವರು ಸುಮ್ಮನೆ ತಲೆದೂಗುತ್ತಾರೆ. ಇವತ್ತು ತೀರಾ ಹಳೆಯದೊಂದು ತೆಗೆದೆ. ಅವರೂ ಊರಿನ ಗೆಳೆಯ ಕುಷ್ಟಣ್ಣನೂ ಸಣ್ಣವರಿದ್ದಾಗ, ಅಬ್ಬಿ, ಅಂದರೆ ಅಮ್ಮ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಕದಿಯಲು ಹೋದದ್ದು. "ಅಬ್ಬಿ ಉಪ್ಪಿನ್ ಸೊಳಿ ಹಾಕಿಟ್ಟ್ ಭರಣಿಗ್ ಕುಷ್ಟ ಕೈ ಹಾಕದ್ದೇ ಸೈ, ವಾಪಸ್ ತೆಗುಕೆ ಬರ್ಲಿಲ್ಲೆ" ಎಂದು ಓದಿದೆ. ಪಕ್ಕದಿಂದ "ಅಬ್ಬಿ" ಎಂದು ಸ್ವರ ಬಂತು. ಸ್ಪಷ್ಟವಾಗಿ. ನಾನು ಪುಸ್ತಕ ಮುಚ್ಚಿದಂತೆ ಲ್ಯಾಪ್‌ಟಾಪ್ ಮುಚ್ಚಿ ಅವರ ಮುಖ ನೋಡಿದೆ. "ಭರಣಿ" ಎಂದರು. ಕಣ್ಣಲ್ಲಿ ನೀರು ಬಂತು, ನನಗೆ. ಅವರು ನಗುತ್ತಿದ್ದರು.

ಜೂನ್ 16, ಸೋಮವಾರ

ಸರ್ವರಿನವರಿಂದ ಮೇಲ್ ಬಂದಿದೆ. ನಿಮ್ಮ ಬ್ಲಾಗಿನ ಸಾಫ್ಟ್‌ವೇರ್ ತೀರಾ ಹಳತಾಗಿದೆ, ಅದರಲ್ಲಿ ಕಳ್ಳರು ನುಗ್ಗುವ ತೂತುಗಳಿವೆ, ಜುಲೈ ಮುಗಿಯುವುದರೊಳಗೆ ಅಪ್‌ಡೇಟ್ ಮಾಡದಿದ್ದರೆ ನಿಲ್ಲಿಸುತ್ತೇವೆ ಎಂದು ಅದರ ಸಾರಾಂಶ. ವರ್ಷಕ್ಕೆರಡು ಸಲ ಈ ಕೆಲಸ ಅವರು ಮಾಡುತ್ತಿದ್ದರು ಎಂದು ಗೊತ್ತು. ಈ ಸಲ ಮಾಡುವ ಹೊತ್ತಿಗೆ ಆಸ್ಪತ್ರೆಯಲ್ಲಿದ್ದರು.

ಪ್ರೇಕ್ಷಾಗೆ ಫೋನು ಮಾಡಿದೆ. ಬೈಂದೂರಿನ ಸೊಸೈಟಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಅವಳೆಂದಳು, "ಅಮ್ಮ, ಅದ್ ನಮ್ ಕಂಪ್ಯೂಟ್ರ್ ಹಾಂಗಲ್ಲ. ಬಿಡ್ ಮಾರಾಯ್ತಿ. ಹಳೆದ್ ಎಲ್ಲ ಪ್ರಿಂಟ್ ತೆಗ್ದ್ ಇಡುವ. ಅಪ್ಪಯ್ಯಂಗ್ ಓದುಕ್ ಅಷ್ಟ್ ಸಾಕಲ್ದಾ?"

ಸ್ಪೀಕರಿನಲ್ಲಿ ಇಟ್ಟಿದ್ದೆ, ಅವರು ಕೇಳಿಸಿಕೊಂಡರು. ಎಡಗೈಯಿಂದ ಮೇಜಿಗೆ ಒಂದು ಬಿಟ್ಟರು. ಚಮಚ ಕೆಳಗೆ ಬಿತ್ತು. ಪ್ರಿಂಟಿನ ಮಾತು ಅಲ್ಲಿಗೆ ಮುಗಿಯಿತು.

ಜೂನ್ 19, ಗುರುವಾರ

ಬ್ಲಾಗಿನ ಒಳಗೆ ಅಪ್‌ಡೇಟ್ ಎಂಬ ಬಟನ್ ಇದೆ. ಒತ್ತಿದೆ. ಅರ್ಧಕ್ಕೆ ನಿಂತು, ಇಲ್ಲಿಂದ ಆಗುವುದಿಲ್ಲ ಎಂದಿತು.

ಅವರು ನೋಡುತ್ತಿದ್ದರು. ಕುರ್ಚಿ ಎಳೆದುಕೊಂಡು ಬಂದು ಎಡಗೈಯಲ್ಲೇ ಕಪ್ಪು ಪರದೆಯ ಕಿಟಕಿಯೊಂದನ್ನು ತೆರೆದರು. ಚಿತ್ರವಿಲ್ಲ, ಬಟನ್ ಇಲ್ಲ, ಮಿಣುಕುವ ಒಂದು ಗೀಟು ಮಾತ್ರ. ಮೇಲ್ಮುಖದ ಬಾಣದ ಕೀಲಿ ಒತ್ತಿದರು. ಒಂದು ಸಾಲು ತಾನಾಗಿ ಬಂತು. ಎಂಟರ್ ಒತ್ತಿದರು. ಸರ್ವರಿನ ಬಾಗಿಲು ತೆರೆದು ಹೀಗೆ ನಿಂತಿತು:

tunga@katte:~$

ತುಂಗಾ. ನಾನೇ. ಕಟ್ಟೆಯ ಬಾಗಿಲಲ್ಲಿ ನನ್ನ ಹೆಸರು.

"ಹ್ವಾಯ್, ಎಂತ ಇದ್?" ಎಂದು ಕೇಳಿದೆ. ಅವರು ಕಿಟಕಿಯಾಚೆ ಮಳೆ ನೋಡತೊಡಗಿದರು. ಕಿವಿ ಕೆಂಪಾಗಿತ್ತು.

ಸಾಂಬಾರಿಗೆ ಒಗ್ಗರಣೆ ಹಾಕುವಾಗ ಯೋಚಿಸಿದೆ. ಒಳಗೆ ಹೋಗುವುದಕ್ಕೆ ಏನಾದರೊಂದು ಹೆಸರು ಬೇಕಲ್ಲ, ಇಟ್ಟಿದ್ದಾರೆ. ಅದರಲ್ಲಿ ದೊಡ್ಡ ವಿಷಯವೇನಿಲ್ಲ.

ಜೂನ್ 22, ಭಾನುವಾರ

ಮೇಲ್ಮುಖದ ಬಾಣ ಒತ್ತುತ್ತಾ ಹೋದರೆ ಅವರು ಹಿಂದೆ ಕೊಟ್ಟ ಆಜ್ಞೆಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಬರುತ್ತವೆ. ಹೊಸತು ಮೊದಲು, ಹಳತು ಆಮೇಲೆ. ಮೊದಲು ಡೇಟಾದ ಪ್ರತಿ ತೆಗೆದಿಡುವುದು, ಆಮೇಲೆ ಅಪ್‌ಡೇಟ್, ಆಮೇಲೆ ಪರೀಕ್ಷೆ. ತಪ್ಪು ಹೊಡೆದು ಮತ್ತೆ ಸರಿ ಹೊಡೆದದ್ದೂ ಹಾಗೇ ಉಳಿದಿದೆ. ಅವರಿಗೂ ತಪ್ಪು ಆಗುತ್ತಿತ್ತು ಎಂದು ತಿಳಿದು ಸಮಾಧಾನವಾಯಿತು.

ನಾನು ಬಾಣ ಒತ್ತುತ್ತೇನೆ, ಒಂದು ಸಾಲು ಬರುತ್ತದೆ, "ಇದಾ?" ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ ಅಥವಾ ಬೆರಳಲ್ಲಿ ಇನ್ನೂ ಮೇಲೆ ಎನ್ನುತ್ತಾರೆ. ಮಾರ್ಚಿನಿಂದ ಈಚೆಗೆ ನಾವಿಬ್ಬರೂ ಇಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದು ಇವತ್ತೇ ಮೊದಲು. ಮಾತಾಡಿದವಳು ನಾನೊಬ್ಬಳೇ, ಆದರೂ.

ಜೂನ್ 28, ಶನಿವಾರ

ಪ್ರತಿ ತೆಗೆಯುವುದನ್ನು ಅಭ್ಯಾಸ ಮಾಡಿದೆ. ಆಜ್ಞೆ ಕೊಟ್ಟು ಎಂಟರ್ ಒತ್ತಿದರೆ ಪರದೆ ಸುಮ್ಮನೆ ನಿಂತಿತು. ನಾನು ಮತ್ತೊಮ್ಮೆ ಒತ್ತಿದೆ. ಮತ್ತೂ ಒಮ್ಮೆ. ಆಮೇಲೆ ಎಲ್ಲ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದೆ. ಮೂರನೆಯ ಸಲ ಹಾಗೆ ಮಾಡಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಎಡಗೈ ಬಲವಾಗಿದೆ ಈಗ. ಹಿಡಿದೇ ಕೂತರು. ಸುಮಾರು ಹೊತ್ತಾದ ಮೇಲೆ ಪರದೆ, ಆಯಿತು ಎಂದಿತು.

ಗೊತ್ತಾದದ್ದು ಇಷ್ಟು: ಇದು ಕೆಲಸ ಮಾಡುವಾಗ ಏನೂ ಹೇಳುವುದಿಲ್ಲ. ಏನೂ ಹೇಳದಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ನಡುವೆ ಕೈ ಹಾಕಿದರೆ ಕೆಡುತ್ತದೆ. ನನ್ನ ಕ್ಲಾಸಿನಲ್ಲಿ ಹೀಗೆ ಉತ್ತರ ಹೇಳದೆ ನಿಂತವರನ್ನು ನಾನು ಕೂರಿಸಿ ಮುಂದಿನವರಿಗೆ ಕೇಳುತ್ತೇನೆ. ಸಿಲೆಬಸ್ ಮುಗಿಯಬೇಕಲ್ಲ.

ಪೂಜಿತಾ ಹತ್ತಿರ ಹೋಗಲಿಲ್ಲ ಇವತ್ತು. ಹೆದ್ದಾರಿಯಲ್ಲಿ ನೀರು.

ಜುಲೈ 3, ಗುರುವಾರ

ಶಾಲೆಯಲ್ಲಿ ಘಟಕ ಪರೀಕ್ಷೆ. ಬರೆಯಲು ಪುರುಸೊತ್ತಿಲ್ಲ. ಮಧ್ಯಾಹ್ನ ಎಂದಿನಂತೆ ಕುಷ್ಟಣ್ಣ ಬಂದು ಅವರ ಜೊತೆ ಕೂತಿದ್ದರಂತೆ. ಗೇರುಬೀಜ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ಈಗ ಮನೆಯಲ್ಲಿರುವ ಮನುಷ್ಯ. ಕೆರಾಡಿಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದವರು. ದಿನಾ ಫೋನಿನಲ್ಲಿ ಆ ಭರಣಿಯ ಕಥೆ ತೆಗೆದು ತಾವೇ ಓದಿ ತಾವೇ ನಗುತ್ತಾರೆ. ತಮ್ಮ ಮಾನ ಹೋದ ಕಥೆಯನ್ನು ಇಷ್ಟು ಪ್ರೀತಿಯಿಂದ ಓದುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಜುಲೈ 9, ಬುಧವಾರ

ಜಿಲ್ಲಾಧಿಕಾರಿ ರಜೆ ಕೊಟ್ಟರು, ಮಳೆ ಹಾಗಿತ್ತು. ಇವತ್ತೇ ಮುಗಿಸುವ ಎಂದು ಬೆಳಿಗ್ಗೆ ತಿಂಡಿ ಆದ ಕೂಡಲೇ ಕೂತೆವು.

ಡೇಟಾದ ಪ್ರತಿ ತೆಗೆದೆ. ಸುಮ್ಮನೆ ಕೂತೆ, ಆಯಿತು. ಅಪ್‌ಡೇಟಿನ ಆಜ್ಞೆ, wp core update ಎಂದು ಹೊಡೆದೆ, ಬಾಣ ಒತ್ತದೆ, ನೆನಪಿನಿಂದ. ಅವರು ನನ್ನ ಕಡೆ ಹುಬ್ಬೇರಿಸಿ ನೋಡಿದರು. ಅರ್ಧದಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ಕೀ ಎಂದಿತು, ಆದರೆ ಏನೂ ನಿಲ್ಲಲಿಲ್ಲ. ಆಮೇಲೆ "ಯಶಸ್ವಿ" ಎಂಬ ಅರ್ಥದ ಹಸಿರು ಅಕ್ಷರ ಬಂತು. ನಾನು ಚಪ್ಪಾಳೆ ಹೊಡೆದೆ. ಅವರೂ ಎಡಗೈಯಿಂದ ತೊಡೆ ತಟ್ಟಿದರು. ಬ್ಲಾಗು ತೆರೆದು ನೋಡಿದೆ. ಮೊದಲ ಪುಟ ಸರಿಯಾಗಿಯೇ ಇದೆ.

ಬ್ಲಾಗಿನ ಬಟ್ಟೆಬರೆ ಎನ್ನಬಹುದಾದ ಥೀಮಿಗೂ ಅಪ್‌ಡೇಟ್ ಇದೆ ಎಂದು ಪರದೆ ಹೇಳುತ್ತಿತ್ತು. ಅರ್ಧ ಕೆಲಸ ನನಗಾಗದು. ಎಲ್ಲವನ್ನೂ ಒಟ್ಟಿಗೆ ಹೊಸತು ಮಾಡು ಎಂಬ ಸಾಲನ್ನು ಇಂಟರ್‌ನೆಟ್ಟಿನಲ್ಲಿ ನೋಡಿಕೊಂಡು ಹೊಡೆದೆ. ಅಷ್ಟರಲ್ಲಿ ಅವರು ನನ್ನ ತೋಳು ತಟ್ಟಿದರು. ಏನೋ ಹೇಳಲು ಬಾಯಿ ತೆರೆದರು. "ಅ... ಅದ್..." ಎಂದು ಅಲ್ಲೇ ಸಿಕ್ಕಿಕೊಂಡರು.

"ಎಂತ, ಟೀಯಾ? ಟೀ ಬೇಕಾ? ಮಾಡ್ತೆ, ಒಂದ್ ನಿಮ್ಷ ಕೂಕಣಿ" ಎಂದು ಎಂಟರ್ ಒತ್ತಿ, ಎದ್ದು ಹೋಗಿ ಶುಂಠಿ ಜಜ್ಜಿ ಒಳ್ಳೆಯ ಟೀ ಮಾಡಿ ತಂದೆ. ಬರುವಷ್ಟರಲ್ಲಿ ಅದೂ ಯಶಸ್ವಿ.

ಟೀ ಕುಡಿಯಲೇ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. ಇಷ್ಟು ದೊಡ್ಡ ಕೆಲಸ ಮಾಡಿದವಳಿಗೆ ಸಿಕ್ಕಿದ ಮರ್ಯಾದೆ ಇದು. ಇರಲಿ, ಕಾಯಿಲೆಯವರ ಸಿಟ್ಟು.

ಜುಲೈ 10, ಗುರುವಾರ

ಕಟ್ಟೆ ಹಾಳಾಯಿತು. ನಾನೇ ಮಾಡಿದ್ದು.

ಜುಲೈ 11, ಶುಕ್ರವಾರ

ನಿನ್ನೆ ಸ್ಟಾಫ್‌ರೂಮಿನಲ್ಲಿದ್ದಾಗ ಕುಷ್ಟಣ್ಣನ ಫೋನು.

"ಹ್ವಾಯ್ ಟೀಚರ್ರೇ, ಎಂತ ಮಾಡಿರಿ ನೀವ್? ನನ್ ಕಥಿ ಎಂತದೋ ಬಾಷಿ ಆಯಿತ್ತ್ ಕಾಣಿ! ಇಂಗ್ಲೀಷ್ ಅಂಬುಕೆ ಇಂಗ್ಲೀಷೂ ಅಲ್ಲ. ತಲಿ ಮೇಲ್ ಕೊಂಬ್ ಬಂದ್ ಇಂಗ್ಲೀಷ್!"

ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಈಚಿನ ಬರಹಗಳು ಸರಿ ಇವೆ. ಹಳೆಯವು ಒಂದೂ ಇಲ್ಲ. ಇವೆ, ಆದರೆ ಕನ್ನಡ ಇರಬೇಕಾದಲ್ಲಿ PÀ£ÀßqÀ ಎಂಬಂಥ ಅವತಾರ, ಪುಟದಿಂದ ಪುಟಕ್ಕೆ. ಅಬ್ಬಿ ಇಲ್ಲ, ಭರಣಿ ಇಲ್ಲ.

ಈಗ ಅರ್ಥವಾಗಿದೆ. ಆ ಕಾಲದಲ್ಲಿ ಡಿಟಿಪಿಯವರು ಟೈಪ್ ಮಾಡುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ ಹಾಕಿದ ಹಳೆಯ ಫಾಂಟಿನಲ್ಲಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ. ಅವರು ಆ ಫಾಂಟನ್ನು ಬ್ಲಾಗಿನ ಥೀಮಿನೊಳಗೆ ಹೊಲಿದಿಟ್ಟಿದ್ದರು. ನಾನು ಥೀಮನ್ನೇ ಹೊಸತು ಮಾಡಿದೆ. ಹಳೆ ಬಟ್ಟೆಯ ಜೊತೆ ಜೇಬಿನಲ್ಲಿದ್ದದ್ದೂ ಹೋಯಿತು. ನಾನು ಪ್ರತಿ ತೆಗೆದದ್ದು ಡೇಟಾಕ್ಕೆ ಮಾತ್ರ, ಥೀಮಿಗಲ್ಲ. ಸರ್ವರಿನವರನ್ನು ಕೇಳಿದರೆ, ಹಿಂದಿನ ಪ್ರತಿ ಇಡುವ ಸೌಲಭ್ಯ ನಿಮ್ಮ ಪ್ಲಾನಿನಲ್ಲಿ ಇಲ್ಲ ಎಂದರು. ಡಿಟಿಪಿ ಸೆಂಟರಿನ ಕಂಪ್ಯೂಟರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು.

ಬಾಣ ಒತ್ತಿ ಒತ್ತಿ ಅವರ ಹಳೆಯ ಸಾಲುಗಳನ್ನು ಮತ್ತೆ ನೋಡಿದೆ. ಸಾಫ್ಟ್‌ವೇರ್ ಹೊಸತು ಮಾಡಿದ್ದಾರೆ, ಎಷ್ಟೋ ಸಲ. ಥೀಮನ್ನು ಒಮ್ಮೆಯೂ ಮುಟ್ಟಿಲ್ಲ. "ಎಲ್ಲ" ಎಂಬ ಪದವನ್ನು ಅವರು ಎಲ್ಲೂ ಬಳಸಿಲ್ಲ. ಕಣ್ಣೆದುರೇ ಇತ್ತು, ನನಗೆ ಕಾಣಲಿಲ್ಲ.

ಅವರಿಗೆ ಹೇಳಲು ಧೈರ್ಯ ಬಂದಿಲ್ಲ. ಸಂಜೆ ಓದುವ ಹೊತ್ತಿಗೆ ತಲೆನೋವು ಎಂದೆ.

ಜುಲೈ 13, ಭಾನುವಾರ

ಪ್ರೇಕ್ಷಾ ಬಂದಿದ್ದಳು. ಕುಷ್ಟಣ್ಣನೂ ಬಂದರು. ಅವರ ಬಾಯಲ್ಲಿ ವಿಷಯ ನಿಲ್ಲುತ್ತದೆಯೇ? ಒಳಗೆ ಬರುತ್ತಲೇ "ರತ್ನಾಕರ, ನಿನ್ ಹೆಂಡ್ತಿ ನನ್ನ್ ಭರಣಿಯಿಂದ ಹೊರಗ್ ತೆಗುದ್ ಬಿಟ್ಟ್ ಭರಣಿನೇ ಒಡ್ದ್ ಹಾಕಿರ್ ಮಾರಾಯ!" ಎಂದು ಬೊಬ್ಬೆ ಹಾಕಿದರು.

ಅಲ್ಲಿಗೆ ಮುಚ್ಚಿಡುವುದು ಏನೂ ಉಳಿಯಲಿಲ್ಲ. ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟೆ. "ಕಾಣಿ, ಹೀಂಗ್ ಮಾಡಿದೆ ನಾನ್" ಎಂದೆ. ಹೇಳುತ್ತಾ ಅತ್ತುಬಿಟ್ಟೆ. ಮಗಳ ಮುಂದೆ, ಕುಷ್ಟಣ್ಣನ ಮುಂದೆ. ಕ್ಲಾಸಿನಲ್ಲಿ ನನ್ನ ಹೆಸರು ಕೇಳಿದರೆ ಹುಡುಗರು ನಡುಗುತ್ತಾರೆ.

ಅವರು ಪರದೆ ನೋಡಿದರು. ಬೈಯಲಿಲ್ಲ, ಮೇಜು ಕುಟ್ಟಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. C©â ಎಂದಿದ್ದಲ್ಲಿ ಬೆರಳಿಟ್ಟರು.

"ಅಬ್ಬಿ" ಎಂದರು.

ಬೆರಳು ಮುಂದೆ ಸರಿಯಿತು. "ಉಪ್... ಉಪ್ಪಿನ್... ಸೊಳಿ." ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆ ಕೊಂಬಿನ ಇಂಗ್ಲಿಷಿನಿಂದ ಅವರು ಕನ್ನಡ ಓದುತ್ತಿದ್ದಾರೆ! ಆಮೇಲೆ ಹೊಳೆಯಿತು. ಫಾಂಟ್ ಕೈಕೊಟ್ಟಾಗಲೆಲ್ಲ ಹೀಗೇ ಬರುತ್ತಿದ್ದ ಮದುವೆ ಕಾಗದಗಳನ್ನು ಅವರು ನಿತ್ಯ ನೋಡಿದವರು. ಗಿರಾಕಿ ಎದುರಿಗೆ ಕೂತಿರುವಾಗ ಹಾಗೇ ಓದಿ ತಪ್ಪು ತಿದ್ದಿದವರು. ಡಿಟಿಪಿಯವರಿಗೆ ಅದು ಇನ್ನೊಂದು ಲಿಪಿ ಅಷ್ಟೆ.

"ಅಪ್ಪಯ್ಯ, ಮುಂದೆ? ಮುಂದೆ ಎಂತ, ಭರಣಿ ಅಲ್ದಾ?" ಎಂದು ಪ್ರೇಕ್ಷಾ ಅವಸರ ಮಾಡಿದಳು.

"ಸುಮ್ನಿರ್" ಎಂದೆ ನಾನು. "ಅವ್ರ್ ಹೇಳ್ತ್ರ್."

ಹೇಳಿದರು, ತುಂಬ ಹೊತ್ತಾದ ಮೇಲೆ. "ಭರಣಿಗ್."

ಜುಲೈ 16, ಬುಧವಾರ

ಆ ಫಾಂಟ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಮತ್ತೆ ಥೀಮಿನಲ್ಲಿ ಹೊಲಿದು ಬಿಡಬಹುದಿತ್ತು, ಹೊಲಿಯಲು ಬರುವವರಿಗೆ. ಆದರೆ ಮುಂದಿನ ಅಪ್‌ಡೇಟಿಗೆ ಇದೇ ರಗಳೆ. ಅದಕ್ಕಿಂತ ಹಳೆಯದೆಲ್ಲವನ್ನೂ ಈಗಿನ ನಿಜವಾದ ಕನ್ನಡಕ್ಕೆ, ಯುನಿಕೋಡಿಗೆ, ಬದಲಾಯಿಸುವುದು ಒಳ್ಳೆಯದು. ಬದಲಾಯಿಸಿ ಕೊಡುವ ಜಾಲತಾಣಗಳಿವೆ. ಇದನ್ನು ಮಾಡಬೇಕು ಎಂದು ಅವರೇ ವರ್ಷಗಳಿಂದ ಹೇಳುತ್ತಿದ್ದರು, ಪುರುಸೊತ್ತಾಗಿರಲಿಲ್ಲ. ಕೇಳಿದೆ, ತಲೆಯಾಡಿಸಿದರು.

ಆದರೆ ಬದಲಾಗಿ ಬಂದದ್ದರಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಮುರಿದಿರುತ್ತವೆ. ಕೆರಾಡಿಯ ಮಾತಾದ್ದರಿಂದ ಸರಿ ಯಾವುದು ತಪ್ಪು ಯಾವುದು ಎಂದು ಬ್ರಹ್ಮಾವರದವಳಾದ ನನಗೆ ಗೊತ್ತಾಗುವುದಿಲ್ಲ. ಹಾಗಾಗಿ ಪದ್ಧತಿ ಹೀಗೆ: ಅವರು ಹಳೆಯದನ್ನು ನೋಡಿ ಬಾಯಲ್ಲಿ ಓದಬೇಕು, ನಾನು ಹೊಸತನ್ನು ತಿದ್ದಬೇಕು. ಅವರ ಒಂದು ಪದ ಬರುವವರೆಗೆ ನನ್ನ ಕೈ ಕೀಲಿಮಣೆಯ ಮೇಲೆ ಸುಮ್ಮನಿರುತ್ತದೆ.

ಇವತ್ತು ಅರ್ಧ ಬರಹ ಆಯಿತು. ನಡುವೆ ಸಿಕ್ಕಿಕೊಂಡಾಗ ಅವರು ನನ್ನ ಕಡೆ ನೋಡುತ್ತಾರೆ. ನಾನು ಮಳೆ ನೋಡುತ್ತೇನೆ. ಕಾಳು ನೆನೆಹಾಕಲು ಮರೆತು ಹೋಯಿತು. ರಾತ್ರಿಗೆ ಗಂಜಿ, ಉಪ್ಪಿನಕಾಯಿ.

ಜುಲೈ 19, ಶನಿವಾರ

ಉಡುಪಿ. ಪೂಜಿತಾ ಅದೇ ಪ್ರಶ್ನೆಯ ಹಾಳೆ ತೆಗೆದಳು. ಹೆಂಡತಿಯ ಹೆಸರು? ಫ್ಯಾನ್ ನೋಡಿದರು. ನಾನು ಕಿಟಕಿ ನೋಡಿದೆ. ಪೂಜಿತಾ ನನ್ನನ್ನು ನೋಡಿದಳು. ಅವರೇ ಅವಳ ಮೇಜಿನ ಕಂಪ್ಯೂಟರಿನ ಕೀಲಿಮಣೆ ಕಡೆ ಕೈ ತೋರಿಸಿದರು. ಎಳೆದು ಕೊಟ್ಟಳು. ಎಡಗೈಯ ಒಂದು ಬೆರಳಿನಿಂದ, ತಡೆಯಿಲ್ಲದೆ, tunga ಎಂದು ಹೊಡೆದರು. ವರ್ಷಗಟ್ಟಲೆ ಹೊಡೆದ ಕೈಗೆ ಯೋಚಿಸುವುದು ಬೇಕಿರಲಿಲ್ಲ.

ಪೂಜಿತಾ ತಪ್ಪು ಗುರುತನ್ನು ತಿದ್ದಿ ಸರಿ ಮಾಡಿದಳು. ನನಗೆ ಖುಷಿಯಾಯಿತು, ನಾಚಿಕೆಯೂ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಭುಜಕ್ಕೆ ಒರಗಿ ನಿದ್ದೆ ಮಾಡಿದೆನಂತೆ. ಕಂಡಕ್ಟರ್ ಎಬ್ಬಿಸಬೇಕಾಯಿತು.

ಜುಲೈ 22, ಮಂಗಳವಾರ

ಭರಣಿಯ ಕಥೆ ಪೂರ್ತಿ ಆಗಿ ಬ್ಲಾಗಿಗೆ ಏರಿತು. ಕುಷ್ಟಣ್ಣ ಫೋನು ಮಾಡಿ ಮೊದಲಿನಿಂದ ಕೊನೆಯವರೆಗೆ ನನಗೇ ಓದಿ ಹೇಳಿದರು. ನಾನು ತಿದ್ದಿದ್ದನ್ನು ನನಗೆ! ಕೇಳಿಸಿಕೊಂಡೆ.

ಸರ್ವರಿನವರಿಂದಲೂ ಮೇಲ್ ಬಂದಿದೆ, ನಿಮ್ಮ ಬ್ಲಾಗ್ ಈಗ ಸುರಕ್ಷಿತ ಎಂದು. ಹಳೆಯ ಬರಹಗಳು ಇನ್ನೂ ರಾಶಿ ಇವೆ. ಈ ಮಳೆಗಾಲಕ್ಕೆ ಮುಗಿಯುವುದಿಲ್ಲ. ಮುಗಿಯದಿದ್ದರೆ ಬೇಡ.

ನಾಡಿದ್ದು ಆಸಾಡಿ ಅಮಾಸೆ. ಕಟ್ಟೆಯಲ್ಲಿ ಮುಂಬೈಯವರು ಕೇಳಲು ಶುರು ಮಾಡಿದ್ದಾರೆ, ರತ್ನಾಕರಣ್ಣ ಈ ವರ್ಷ ಎಂತ ಬರೀತ್ರ್ ಎಂದು. ನಾನು ಉತ್ತರ ಕೊಟ್ಟಿಲ್ಲ. ಅವರನ್ನು ಕೇಳಬೇಕು.

ಜುಲೈ 24, ಗುರುವಾರ

ಆಸಾಡಿ ಅಮಾಸೆ. ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಇಬ್ಬರೂ ಕೋಡಿಗೆ ಹೋಗಿ ಸಮುದ್ರದ ನೀರು ತಲೆಗೆ ಹಾಕಿಕೊಂಡು ಬಂದೆವು. ಅಲೆ ಜೋರಿತ್ತು, ಅಂಚಿನಲ್ಲೇ ನಿಂತು ನಾನು ಮೊಗೆದು ಅವರಿಗೂ ಹಾಕಿದೆ.

ಬಂದು, ತಲೆ ಒರೆಸಿ, ಲ್ಯಾಪ್‌ಟಾಪ್ ತೆರೆದೆ. ಹೊಸ ಬರಹಕ್ಕೆ ಖಾಲಿ ಪುಟ ತೆಗೆದು ಅವರ ಪಕ್ಕ ಕೂತೆ.

"ಹ್ವಾಯ್, ಇವತ್ತಿಗ್ ಎಂತ ಹಾಕುವ?"

ಅವರು ಪುಟ ನೋಡಿದರು. ನನ್ನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಹಳೆಯದರಲ್ಲಿ ಯಾವುದಾದರೂ ಇರಬಹುದು ಎಂದು ನನಗೆ ಅನ್ನಿಸಿತು. ಎಲ್ಲರಿಗೂ ನಮಸ್ಕಾರ ಎಂದೂ ಇರಬಹುದು. ಅದನ್ನು ಹೇಳಲು ನಾಲಗೆಯ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ಫೋನು ಹೊಡೆದುಕೊಂಡಿತು, ಕುಷ್ಟಣ್ಣ ಇರಬೇಕು, ತೆಗೆಯಲಿಲ್ಲ. ಒಲೆಯ ಮೇಲೆ ಕುಕ್ಕರ್ ಕೂಗಿತು, ಮತ್ತೆ ಕೂಗಿತು. ಎದ್ದು ಹೋಗಿ ಆರಿಸಿ ಬಂದು ಅದೇ ಜಾಗದಲ್ಲಿ ಕೂತೆ. ಖಾಲಿ ಪುಟದಲ್ಲಿ ಗೀಟು ಮಿಣುಕುತ್ತಲೇ ಇತ್ತು. ಅವರ ಹಣೆಯಲ್ಲಿ ಬೆವರು.

"ಅವತ್ತ್..." ಎಂದರು.

ನಾನು ಅವತ್ತ್ ಎಂದು ಟೈಪ್ ಮಾಡಿದೆ.

"ನಾ... ನಾನ್..."

ಮಾಡಿದೆ.

"ಟೀ..." ಇಲ್ಲಿ ತುಂಬ ಹೊತ್ತು ನಿಂತರು. ನಾನು ಅಲುಗಾಡಲಿಲ್ಲ. "ಟೀ... ಕೇಂಡದ್ದಲ್ಲ."

ಅವತ್ತ್ ನಾನ್ ಟೀ ಕೇಂಡದ್ದಲ್ಲ.

ಟೀ ಕೇಳಿದ್ದಲ್ಲವಂತೆ. ಮಾರ್ಚಿನಿಂದ ಈಚೆಗೆ ಅವರು ಪೂರ್ತಿ ಹೇಳಿದ ಮೊದಲ ಸ್ವಂತ ವಾಕ್ಯ. ಆ ಬುಧವಾರದಿಂದ ಒಳಗೇ ಇಟ್ಟುಕೊಂಡು, ಪದಕ್ಕೆ ಪದ ಹುಡುಕಿ, ಇವತ್ತಿಗೆ ಸೇರಿಸಿದ್ದಾರೆ. ಅವತ್ತು ನನ್ನ ತೋಳು ತಟ್ಟಿ "ಅದ್" ಎಂದದ್ದು, ಅದನ್ನು ಒತ್ತಬೇಡ ಎನ್ನಲು. ನಾನು ಎಂಟರ್ ಒತ್ತಿ ಶುಂಠಿ ಜಜ್ಜಲು ಹೋಗಿದ್ದೆ. ಇಷ್ಟು ದಿನ ನನಗೆ ಅದು ಹೊಳೆಯಲೂ ಇಲ್ಲ.

"ಗೊತ್ತಾಯ್ತ್" ಎಂದೆ. ಅವರ ಎಡಗೈ ಹಿಡಿದುಕೊಂಡೆ. ನಗು ಶುರುವಾದದ್ದು ಅವರಿಗೇ ಮೊದಲು. ಆಮೇಲೆ ನನಗೆ. ನಗುತ್ತಾ ಎಲ್ಲಿ ಅಳು ಬಂತೋ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು, ಇದನ್ನು ಅಳಿಸಿ ಬೇರೆ ಬರೆಯುವುದಾ ಎಂದು ಕೇಳಿದೆ. ತಲೆ ಅಡ್ಡ ಆಡಿಸಿದರು. ಪ್ರಕಟಿಸುವ ಬಟನ್ನಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಒತ್ತಲಿಲ್ಲ, ಕಾದರು.

"ಹ್ಞಾಂ, ಒತ್ತಿ" ಎಂದೆ.

ಈಗ ಮುಂಬೈಯಿಂದ ಕಮೆಂಟುಗಳು ಬರುತ್ತಿವೆ. ಟೀ ಅಲ್ಲದಿದ್ರೆ ಎಂತ ಕೇಂಡದ್ದ್ ರತ್ನಾಕರಣ್ಣ, ಎಂದು ಎಲ್ಲರದ್ದೂ ಒಂದೇ ಪ್ರಶ್ನೆ. ಉತ್ತರ ನನಗೆ ಗೊತ್ತು. ಆದರೆ ಅದನ್ನು ಅವರೇ ಹೇಳಲಿ. ಪಕ್ಕದಲ್ಲಿ ಕೂತು ಬಾಯಿ ತೆರೆದಿದ್ದಾರೆ.